ಗೋ-ಕಾರ್ಟ್ ಮುಗ್ಗರಿಸುತ್ತಿದೆಯೇ? ಮೊದಲು ‘ಲೋ’ ಸ್ಕ್ರೂ ಗಮನಿಸಿ

ಆಕ್ಸಿಲರೇಟರ್ ಒತ್ತಿದ ಕ್ಷಣ ಗೋ-ಕಾರ್ಟ್ ಮುಗ್ಗರಿಸಿ, ಬಳಿಕ ಒಮ್ಮೆಲೇ ಮುನ್ನುಗ್ಗುತ್ತಿದ್ದರೆ ಕಾರ್ಬ್ಯುರೇಟರ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ತಪ್ಪಿರುವ ಸಾಧ್ಯತೆ ಹೆಚ್ಚು.

2-ಸ್ಟ್ರೋಕ್ ಕಾರ್ಟ್‌ಗಳ ಡಯಾಫ್ರಮ್ ಕಾರ್ಬ್ಯುರೇಟರ್‌ನಲ್ಲಿ ಸಾಮಾನ್ಯವಾಗಿ 2 ಸ್ಕ್ರೂಗಳಿರುತ್ತವೆ. ‘ಲೋ’ ಸ್ಕ್ರೂ ಕಡಿಮೆ ವೇಗದಲ್ಲಿ ಹಾಗೂ ತಿರುವಿನಿಂದ ಹೊರಬರುವಾಗ, ‘ಹೈ’ ಸ್ಕ್ರೂ ಪೂರ್ಣ ವೇಗದಲ್ಲಿ ಪೆಟ್ರೋಲಿನ ಹರಿವನ್ನು ನಿಯಂತ್ರಿಸುತ್ತದೆ. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಎಡಕ್ಕೆ ತಿರುಗಿಸಿದರೆ ಹೆಚ್ಚುತ್ತದೆ.

ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಎರಡೂ ಸ್ಕ್ರೂಗಳನ್ನು ತಯಾರಕರ ಕೈಪಿಡಿ ಸೂಚಿಸಿದ ಅಳತೆಗೆ ತಂದು, ಎಂಜಿನ್ ಬಿಸಿಯಾದ ನಂತರವೇ ಹೊಂದಾಣಿಕೆ ಆರಂಭಿಸಬೇಕು. ವೇಗ ಹೆಚ್ಚಿಸುವಾಗ ಎಂಜಿನ್ ಉಸಿರುಗಟ್ಟಿದಂತೆ ಸೊರಗಿದರೆ ‘ಲೋ’ ಸ್ಕ್ರೂವನ್ನು ಎಡಕ್ಕೆ, ಹೊಗೆಯುಗುಳಿ ತಡವರಿಸಿದರೆ ಬಲಕ್ಕೆ ತಿರುಗಿಸಬೇಕು. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಸಾಕು. ಪ್ರತಿ ಬಾರಿಯೂ ಟ್ರ್ಯಾಕ್‌ನಲ್ಲಿ ಓಡಿಸಿ ಪರೀಕ್ಷಿಸುವುದು ಅಗತ್ಯ.

‘ಹೈ’ ಸ್ಕ್ರೂ ವಿಷಯದಲ್ಲಿ ದುರಾಸೆ ಸಲ್ಲದು. ಈ ಎಂಜಿನ್‌ಗೆ ಆಯಿಲ್ ದೊರೆಯುವುದೇ ಪೆಟ್ರೋಲಿನ ಜತೆಗೆ. ಹೆಚ್ಚಿನ ವೇಗದ ಆಸೆಯಿಂದ ಪೆಟ್ರೋಲನ್ನು ತೀರಾ ಕಡಿತಗೊಳಿಸಿದರೆ ಶಾಖ ಏರಿ, ಆಯಿಲ್ ಸಾಲದೆ, ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗಬಹುದು. ಸ್ಪಾರ್ಕ್ ಪ್ಲಗ್ಗಿನ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಾಗಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಅದು ಅಪಾಯದ ಮುನ್ಸೂಚನೆ.