ಸ್ಕ್ರೂ ಕಾಣದ ತಗಡಿನ ಛಾವಣಿ



ಮುಂಬೈ, ಪುಣೆಯಲ್ಲಿರುವ ನಿಮಗೆ ಅದು 'ಪತ್ರಾ'. ಹೈದರಾಬಾದಿನಲ್ಲಿ 'ರೇಕು', ಚೆನ್ನೈಯಲ್ಲಿ 'ತಗರಂ', ದೆಹಲಿಯಲ್ಲಿ 'ಚಾದರ್'. ಊರಿನಲ್ಲಿ ನಾವು ತಗಡು ಅಥವಾ ಶೀಟು ಎನ್ನುತ್ತೇವೆ. ಹೆಸರು ಯಾವುದಾದರೂ ದೂರು ಮಾತ್ರ ಒಂದೇ: ಹಾಕಿಸಿ ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ತೊಟ್ಟಿಕ್ಕಲು ಶುರು. ಸೊಸೈಟಿಯ ಟೆರೇಸಿನ ಶೆಡ್ಡು, ಭೋಸರಿಯಲ್ಲೋ ಅಂಬತ್ತೂರಿನಲ್ಲೋ ಇರುವ ಸಣ್ಣ ವರ್ಕ್‌ಶಾಪು, ಹೋಟೆಲಿನ ಹಿಂಬದಿಯ ಅಡುಗೆಮನೆ, ಎಲ್ಲ ಕಡೆಯೂ ಬಕೆಟ್ ಇಡುವುದು ತಪ್ಪಿಲ್ಲ.

ಈಗ ಕಾಂಟ್ರಾಕ್ಟರುಗಳು ಕೊಟೇಶನ್ನಿನಲ್ಲಿ 'ಕನ್ಸೀಲ್ಡ್ ಫಿಕ್ಸ್' ಅಥವಾ 'ಸ್ಟ್ಯಾಂಡಿಂಗ್ ಸೀಮ್' ಎಂಬ ಇನ್ನೊಂದು ಬಗೆಯನ್ನೂ ಬರೆದು ಕೊಡುತ್ತಾರೆ. ಮೇಲೆ ಸ್ಕ್ರೂ ಕಾಣದ ಛಾವಣಿ ಎಂದು ಅರ್ಥ. ದರ ಹೆಚ್ಚು. ಆ ಹೆಚ್ಚಿನ ದುಡ್ಡಿಗೆ ಏನು ಸಿಗುತ್ತದೆ, ಕೆಲಸ ನಡೆಯುವ ದಿನ ನೀವು ಏನನ್ನು ನೋಡಬೇಕು ಎಂಬುದು ಈ ಸಲದ ವಿಷಯ. 'ಕೆಲಸ ನಡೆಯುವ ದಿನ' ಎಂದು ಒತ್ತಿ ಹೇಳಲು ಕಾರಣವಿದೆ. ಈ ಛಾವಣಿಯಲ್ಲಿ ಮುಖ್ಯವಾದದ್ದೆಲ್ಲ ಸಂಜೆಯ ಹೊತ್ತಿಗೆ ತಗಡಿನ ಕೆಳಗೆ ಮುಚ್ಚಿಹೋಗಿರುತ್ತದೆ. ಆಮೇಲೆ ನೋಡೋಣವೆಂದರೆ ನೋಡಲು ಏನೂ ಸಿಗುವುದಿಲ್ಲ.

ಸಾಮಾನ್ಯ ಶೀಟು ಏಕೆ ಸೋರುತ್ತದೆ? 20 ಮೀಟರ್ ಉದ್ದ, 10 ಮೀಟರ್ ಇಳಿಜಾರಿನ ಒಂದು ಶೆಡ್ಡನ್ನು ಊಹಿಸಿಕೊಳ್ಳಿ. ಒಂದು ಮೀಟರ್ ಅಗಲ ಮುಚ್ಚುವ 20 ಶೀಟುಗಳು, ಕೆಳಗೆ 9 ಸಾಲು ಪರ್ಲಿನ್. ಪ್ರತಿ ಶೀಟಿಗೆ ಪ್ರತಿ ಪರ್ಲಿನ್ ಮೇಲೆ 4 ಸ್ಕ್ರೂ ಎಂದರೆ ಒಟ್ಟು 720 ತೂತು. ಮಳೆ ತಡೆಯಲೆಂದು ಹಾಸಿದ ವಸ್ತುವಿಗೆ ನಾವೇ 720 ತೂತು ಕೊರೆದು, ಪ್ರತಿಯೊಂದನ್ನೂ ಒಂದು ರಬ್ಬರ್ ವಾಷರಿನ ಭರವಸೆಗೆ ಬಿಡುತ್ತೇವೆ. ಬಿಸಿಲಿಗೆ ಆ ವಾಷರ್ ಗಟ್ಟಿಯಾಗಿ ಸೀಳುತ್ತದೆ. ಅತಿಯಾಗಿ ಬಿಗಿದಿದ್ದರೆ ಮೊದಲ ವರ್ಷವೇ ಹಿಸುಕಿ ಹೊರಬಂದಿರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಶಾಖ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. 20 ಮೀಟರ್ ಉದ್ದದ ಉಕ್ಕಿನ ಶೀಟು 50 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 12 ಮಿಲಿಮೀಟರ್ ಓಡಾಡುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ದೆಹಲಿಯ ಚಳಿಯ ರಾತ್ರಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ತಗಡಿನ ಮೈಯಲ್ಲಿ 50 ಡಿಗ್ರಿ ಅಂತರ ಏನೂ ಹೆಚ್ಚಲ್ಲ. ಸ್ಕ್ರೂ ಅಲುಗುವುದಿಲ್ಲ, ಶೀಟು ಎಳೆಯುವುದನ್ನು ಬಿಡುವುದಿಲ್ಲ. ದಿನ ಬೆಳಗಾದರೆ ಈ ಜಗ್ಗಾಟ. ದುಂಡಗಿದ್ದ ತೂತು ನಿಧಾನವಾಗಿ ಉದ್ದವಾಗುತ್ತದೆ. ಅದರ ಮೇಲೆ ನೀವು ವರ್ಷಕ್ಕೊಮ್ಮೆ ಡಾಂಬರು ಬಳಿಸಿದರೂ ಬರುವ ಮೇ ತಿಂಗಳಲ್ಲಿ ಅದೂ ಬಿರಿಯುತ್ತದೆ.

ತೂತೇ ಇಲ್ಲದ ಮಾಡು ನಮಗೆ ಹೊಸದಲ್ಲ. ಜಾರ್ಜ್ ಪ್ಲೆಬ್ಸ್ಟ್ ಎಂಬ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಅಲ್ಲಿಂದ ಹೆಸರಾದ ಮಂಗಳೂರು ಹೆಂಚಿಗೆ ಮೊಳೆ ಹೊಡೆಯುವ ಪದ್ಧತಿಯಿಲ್ಲ. ಹೊಟ್ಟೆಯಡಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಪಕ್ಕದ ಹೆಂಚಿನ ಅಂಚು ಅದರ ಮೇಲೆ ಕೂರುತ್ತದೆ, ಉಳಿದದ್ದನ್ನು ಹೆಂಚಿನ ಭಾರವೇ ನೋಡಿಕೊಳ್ಳುತ್ತದೆ. ಸ್ಕ್ರೂ ಕಾಣದ ತಗಡಿನದೂ ಇದೇ ಯುಕ್ತಿ. ಆದರೆ ತಗಡಿಗೆ ಭಾರವಿಲ್ಲ. ಅದಕ್ಕಾಗಿ ಕ್ಲಿಪ್ ಬೇಕು.

ಕ್ಲಿಪ್ಪನ್ನು ಪರ್ಲಿನ್‌ಗೆ ಸ್ಕ್ರೂ ಮಾಡುತ್ತಾರೆ. ಶೀಟಿನ ಉದ್ದಕ್ಕೂ ಇರುವ ಎತ್ತರದ ಏಣು ಆ ಕ್ಲಿಪ್ಪಿನ ಮೇಲೆ ಕೂತು 'ಟಕ್' ಎಂದು ಹಿಡಿದುಕೊಳ್ಳುತ್ತದೆ. ಮುಂದಿನ ಸಾಲಿನ ಕ್ಲಿಪ್ಪು ಈ ಶೀಟಿನ ಇನ್ನೊಂದು ಏಣಿಗೆ ಕೊಕ್ಕೆ ಹಾಕುತ್ತದೆ, ಅದರ ಮೇಲೆ ಮುಂದಿನ ಶೀಟಿನ ಅಂಚು ಕೂರುತ್ತದೆ. ಹೀಗೆ ಹಿಡಿದ ಸ್ಕ್ರೂ ಎಲ್ಲವೂ ತಗಡಿನ ಅಡಿಗೆ. ಇನ್ನೊಂದು ಬಗೆಯಲ್ಲಿ ನಿಂತ ಅಂಚುಗಳೆರಡನ್ನೂ ಸೇರಿಸಿ ಕರೆಂಟಿನ ಯಂತ್ರದಿಂದ ಮಡಚುತ್ತಾ ಹೋಗುತ್ತಾರೆ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ. ಎರಡರಲ್ಲೂ ಶೀಟು ಉದ್ದಕ್ಕೆ ಜಾರಾಡಬಲ್ಲದು, ಮೇಲಕ್ಕೆ ಏಳಲಾರದು. ತಗಡಿನ ಸುರುಳಿಯನ್ನೂ ಯಂತ್ರವನ್ನೂ ಸೈಟಿಗೇ ತಂದು ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಶೀಟು ಎಳೆಯುವುದೂ ಉಂಟು. ಆಗ ಅಡ್ಡ ಜೋಡಣೆಯೂ ತಪ್ಪುತ್ತದೆ. ಇಳಿಜಾರು ಕೂಡ ಕಡಿಮೆ ಸಾಕು. ಅಲೆಅಲೆಯ ಹಳೆಯ ಶೀಟಿಗೆ 5 ಡಿಗ್ರಿಯಾದರೂ ಬೇಕಾದಲ್ಲಿ ಇದರ ಕೆಲವು ಮಾದರಿಗಳು 2 ಡಿಗ್ರಿಯಲ್ಲೂ ನೀರು ಬಿಡುತ್ತವೆ. ನಿಮ್ಮ ಮಾದರಿಗೆ ಎಷ್ಟು ಎಂಬುದು ತಯಾರಕರ ಕೈಪಿಡಿಯಲ್ಲಿರುತ್ತದೆ, ಕಾಂಟ್ರಾಕ್ಟರನ ಬಾಯಲ್ಲಲ್ಲ.

ಈಗ ಗಾಳಿಯ ಮಾತು. ತಗಡಿನ ಛಾವಣಿ ಕೆಳಕ್ಕೆ ಬೀಳುವುದಕ್ಕಿಂತ ಮೇಲಕ್ಕೆ ಹಾರುವುದೇ ಹೆಚ್ಚು. ಅರ್ಧ ಮಿಲಿಮೀಟರಿನ ಉಕ್ಕಿನ ಶೀಟು ಚದರ ಮೀಟರಿಗೆ ಹೆಚ್ಚೆಂದರೆ 5 ಕಿಲೋ ತೂಗುತ್ತದೆ. ಐಎಸ್ 875 ಎಂಬ ಭಾರತೀಯ ಮಾನಕದ ಮೂರನೆಯ ಭಾಗದಲ್ಲಿ ಯಾವ ಊರಿಗೆ ಎಷ್ಟು ವೇಗದ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದೆ. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಪುಣೆಗೆ 39, ಮುಂಬೈ ಮತ್ತು ಹೈದರಾಬಾದಿಗೆ 44, ದೆಹಲಿಗೆ 47, ಚೆನ್ನೈಗೆ 50. ಅಂಕಿಗಳ ಅಂತರ ಸಣ್ಣದೆನಿಸಬಹುದು. ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 33 ಮೀಟರ್ ವೇಗಕ್ಕೆ ಚದರ ಮೀಟರಿನ ಮೇಲೆ ಸುಮಾರು 65 ಕಿಲೋ, 50 ಮೀಟರ್ ವೇಗಕ್ಕೆ ಸುಮಾರು 150 ಕಿಲೋ. ಕಟ್ಟಡದ ಎತ್ತರ, ಸುತ್ತಲಿನ ಬಯಲು ಸೇರಿಸಿದರೆ ಲೆಕ್ಕ ಮತ್ತೂ ಬದಲಾಗುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಬಾವನವರು ಹಾಕಿಸಿದ ಶೆಡ್ಡಿನ ಕ್ಲಿಪ್ ಲೆಕ್ಕವನ್ನು ಚೆನ್ನೈಗೆ ನಕಲು ಮಾಡಬೇಡಿ. 2016ರ ಡಿಸೆಂಬರ್ 12ರ ವರ್ದಾ, 2021ರ ಮೇ 17ರಂದು ಮುಂಬೈಯ ಪಕ್ಕದಿಂದ ಹಾದುಹೋದ ತೌತೆ, ಎರಡೂ ಈ ಊರುಗಳಲ್ಲಿರುವವರಿಗೆ ನೆನಪಿರುತ್ತವೆ.

ಗಾಳಿಯ ಎಳೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಸೂರು, ಅಂಚು, ವಿಶೇಷವಾಗಿ ನಾಲ್ಕು ಮೂಲೆಗಳಲ್ಲಿ ಅದು ನಡುಭಾಗಕ್ಕಿಂತ ಬಹಳ ಜಾಸ್ತಿ. ಅಲ್ಲಿ ಪರ್ಲಿನ್‌ಗಳು ಹತ್ತಿರ ಹತ್ತಿರ ಇರಬೇಕು, ಕ್ಲಿಪ್ಪಿನ ಸಾಲುಗಳೂ ಹಾಗೆಯೇ. ಎಲ್ಲ ಕಡೆ ಒಂದೇ ಅಂತರ ಬರೆದ ನಕ್ಷೆ ಕಂಡರೆ ಎಂಜಿನಿಯರನ್ನು ಧೈರ್ಯವಾಗಿ ಕೇಳಿ.

ಕೆಲಸದ ದಿನಕ್ಕೆ ಬರೋಣ. ಮೊದಲು ಪರ್ಲಿನ್‌ಗಳ ಮೇಲೆ ದಾರ ಹಿಡಿಸಿ. ಒಂದು ಪರ್ಲಿನ್ ಉಳಿದವಕ್ಕಿಂತ ತಗ್ಗಿದ್ದರೆ ಅಲ್ಲಿಯ ಕ್ಲಿಪ್ಪಿಗೆ ಶೀಟು ಮುಟ್ಟುವುದೇ ಇಲ್ಲ. ಸಾಮಾನ್ಯ ಶೀಟಿನಲ್ಲಿ ಉದ್ದ ಸ್ಕ್ರೂ ಹಾಕಿ ಎಳೆದು ಬಿಗಿಯುತ್ತಿದ್ದರು. ಇಲ್ಲಿ ಆ ಉಪಾಯ ನಡೆಯದು.

ಎಲ್ಲಿಂದ ಹಾಸಲು ಶುರು ಮಾಡುತ್ತಾರೆ ಎಂಬುದನ್ನೂ ಗಮನಿಸಿ. ಒಂದು ಶೀಟಿನ ಮೇಲೆ ಇನ್ನೊಂದು ಕೂರುವ ಅಂಚಿನ ಬಾಯಿ ಗಾಳಿಮಳೆಗೆ ಬೆನ್ನು ಹಾಕಿರಬೇಕು. ಅಂದರೆ ಮಳೆಯ ಗಾಳಿ ಬರುವ ದಿಕ್ಕಿಗೆ ದೂರವಾದ ತುದಿಯಿಂದ ಹಾಸುತ್ತಾ ಗಾಳಿಯ ಕಡೆಗೆ ಬರಬೇಕು. ಮುಂಬೈಯಲ್ಲಿ ಜೂನ್‌ನ ಮಳೆ ನೈರುತ್ಯದಿಂದ, ಚೆನ್ನೈಯಲ್ಲಿ ಅಕ್ಟೋಬರಿನದು ಈಶಾನ್ಯದಿಂದ. ಹಾಗಾಗಿ ಮುಂಬೈಯಲ್ಲಿ ಸರಿಯಾದದ್ದು ಚೆನ್ನೈಯಲ್ಲಿ ತಲೆಕೆಳಗು.

ಮೊದಲ ಶೀಟು ಸೂರಿಗೆ ನೇರ ಮೂಲೆಯಲ್ಲಿ ಕೂರಬೇಕು. ಮೂರು, ನಾಲ್ಕು, ಐದು ಮೀಟರಿನ ತ್ರಿಕೋನ ಅಳೆದು ನೋಡುವುದು ಮೇಸ್ತ್ರಿಗಳಿಗೆಲ್ಲ ಗೊತ್ತಿರುವ ವಿದ್ಯೆ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಇಪ್ಪತ್ತನೆಯ ಶೀಟಿನ ಹೊತ್ತಿಗೆ ಬೀಸಣಿಗೆಯಂತೆ ಒಂದು ತುದಿ ಅಗಲಿಸಿರುತ್ತದೆ. ನಾಲ್ಕೈದು ಶೀಟಿಗೊಮ್ಮೆ ನೆತ್ತಿಯಲ್ಲೂ ಸೂರಿನಲ್ಲೂ ಅಗಲ ಅಳೆಸಿ. ಎರಡೂ ಸರಿಹೊಂದಬೇಕು.

ಇನ್ನು ಕ್ಲಿಪ್ಪು ಕಚ್ಚಿದೆಯೇ ಎಂಬುದು. ಕೆಲಸಗಾರ ಏಣಿನ ಮೇಲೆ ಪ್ರತಿ ಕ್ಲಿಪ್ಪಿನ ಬಳಿಯೂ ಕಾಲಿನಿಂದ ಒತ್ತುತ್ತಾ ಹೋಗಬೇಕು. 'ಟಕ್' ಸದ್ದು ಕೇಳಿಸುತ್ತದೆ, ರೇಡಿಯೋ ಕೇಳುವ ಕಿವಿಗೆ ಅದೇನು ಕಷ್ಟವಲ್ಲ. ಆಮೇಲೆ ಒಂದು ತುದಿಯಲ್ಲಿ ಕಣ್ಣಿಟ್ಟು ಏಣಿನ ಉದ್ದಕ್ಕೂ ನೋಡಿ. ಕಚ್ಚದ ಜಾಗ ಸ್ವಲ್ಪ ಉಬ್ಬಿ ನಿಂತಿರುತ್ತದೆ. ಮುಂದಿನ ಶೀಟು ಬಿದ್ದ ಮೇಲೆ ಅದನ್ನು ಸರಿಪಡಿಸಬೇಕೆಂದರೆ ಹಾಸಿದ್ದನ್ನೆಲ್ಲ ಹಿಂದಕ್ಕೆ ಬಿಚ್ಚಿಕೊಂಡು ಬರಬೇಕು. ನಡುವಿನ ಒಂದೇ ಶೀಟು ಬದಲಿಸುವುದು ಸುಲಭವಲ್ಲದಿರುವುದು ಈ ಪದ್ಧತಿಯ ನಿಜವಾದ ದೋಷ. ಮಾರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಹಳೆಯ ಶೀಟಿನ ಕೆಲಸ ಮಾಡಿ ರೂಢಿಯಾದ ತಂಡಗಳಿಗೆ ಒಂದು ಚಟ ಇರುತ್ತದೆ. ಎಲ್ಲ ಮುಗಿದ ಮೇಲೆ 'ಸೇಫ್ಟಿಗೆ ಇರಲಿ ಸಾರ್' ಎಂದು ಮೇಲಿನಿಂದ ಅಲ್ಲಲ್ಲಿ ನಾಲ್ಕು ಸ್ಕ್ರೂ ಬಿಗಿಯುವುದು. ಬೇಡವೇ ಬೇಡ. ಅಲ್ಲಿ ತೂತೂ ಆಯಿತು, ಶೀಟಿನ ಜಾರಾಟವೂ ನಿಂತಿತು, ನೀವು ಹೆಚ್ಚು ದುಡ್ಡು ಕೊಟ್ಟದ್ದು ಆ ಎರಡರಿಂದ ತಪ್ಪಿಸಿಕೊಳ್ಳಲು. ಉದ್ದ ಶೀಟು ಕೆಳಕ್ಕೆ ಜಾರದಂತೆ ಒಂದು ಕಡೆ, ಸಾಮಾನ್ಯವಾಗಿ ನೆತ್ತಿಯ ಬಳಿ, ಕಟ್ಟಿಹಾಕಬೇಕು ನಿಜ. ಅದು ಒಂದೇ ಕಡೆ ಇರಬೇಕು, ಟೋಪಿ ಪಟ್ಟಿಯ ಕೆಳಗೆ ಮುಚ್ಚಿರಬೇಕು. ಕೊನೆಯ ಶೀಟಿಗೆ ಪೂರ್ತಿ ಅಗಲದ ಜಾಗ ಉಳಿಯದಿದ್ದಾಗಲೂ ಇದೇ ಆಸೆ ಹುಟ್ಟುತ್ತದೆ. ಉದ್ದುದ್ದಕ್ಕೆ ಕತ್ತರಿಸಿ, ಅಂಚನ್ನು ಮೇಲಕ್ಕೆ ಮಡಚಿ, ಅರ್ಧ ಕ್ಲಿಪ್ಪಿನಲ್ಲಿ ಹಿಡಿಸುವ ಬದಲು ಸ್ಕ್ರೂ ಹೊಡೆದು ಮುಗಿಸಿಬಿಡುತ್ತಾರೆ. ಊಟದ ಹೊತ್ತಿನಲ್ಲೂ ಆ ಕೊನೆಯ ಶೀಟಿನ ಬಳಿಯಿಂದ ಕದಲಬೇಡಿ.

'ತೂತೇ ಇಲ್ಲ' ಎಂಬ ಜಾಹೀರಾತೂ ಪೂರ್ತಿ ನಿಜವಲ್ಲ. ನೆತ್ತಿಯ ಟೋಪಿ, ಗೋಡೆಗೆ ತಾಗುವ ಪಟ್ಟಿ, ಚಿಮಣಿ ಕೊಳವೆ, ಇವಕ್ಕೆಲ್ಲ ಸ್ಕ್ರೂ ಮತ್ತು ಸೀಲೆಂಟ್ ಬೇಕೇ ಬೇಕು. ಹಚ್ಚುವಾಗ ವಿನಿಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ತಗಡಿಗೆ ಸಲ್ಲದು, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. 'ನ್ಯೂಟ್ರಲ್ ಕ್ಯೂರ್' ಎಂದು ಬರೆದದ್ದನ್ನೇ ತರಿಸಿ. ಟೋಪಿಯ ಕೆಳಗೆ ಶೀಟಿನ ತಳವನ್ನು ಮೇಲಕ್ಕೆ ಬಾಗಿಸಿದ್ದಾರೆಯೇ, ಸೂರಿನಲ್ಲಿ ಕೆಳಕ್ಕೆ ಬಾಗಿಸಿದ್ದಾರೆಯೇ ನೋಡಿ. ಮೇಲಿನ ಬಾಗು ಇಲ್ಲದಿದ್ದರೆ ಗಾಳಿ ನೀರನ್ನು ಏರಿಸಿಕೊಂಡು ಒಳಗೆ ತರುತ್ತದೆ. ಶೀಟಿನ ತುದಿ ಗಟರಿನೊಳಗೆ ಸುಮಾರು 50 ಮಿಲಿಮೀಟರ್ ಚಾಚಿರಲಿ. ಗಟರನ್ನು ಕಡೆಗಣಿಸುವವರೇ ಹೆಚ್ಚು. 200 ಚದರ ಮೀಟರಿನ ಛಾವಣಿಗೆ ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ 20,000 ಲೀಟರ್ ನೀರು, ಎರಡು ಟ್ಯಾಂಕರಿನಷ್ಟು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು ಮುಂಬೈಯವರಿಗೆ ನಾನು ಹೇಳಬೇಕಾಗಿಲ್ಲ.

ವಸ್ತುವಿನ ಬಗ್ಗೆ ಎರಡು ಮಾತು. ಕೊಟೇಶನ್ನಿನಲ್ಲಿ '0.50' ಎಂದಿದ್ದರೆ ಅದು ಬರಿಯ ಉಕ್ಕಿನ ದಪ್ಪವೇ, ಬಣ್ಣ ಲೇಪ ಸೇರಿಸಿಯೇ ಎಂದು ಬರಹದಲ್ಲಿ ಕೇಳಿ. ಸೇರಿಸಿ ಎಂದಾದರೆ ಒಳಗಿನ ಉಕ್ಕು 0.45ರ ಆಸುಪಾಸು. ಈಗಿನ ಒಳ್ಳೆಯ ಶೀಟುಗಳಿಗೆ ಅಲ್ಯೂಮಿನಿಯಂ 55 ಭಾಗ, ಉಳಿದದ್ದು ಬಹುತೇಕ ಸತುವು ಇರುವ ಲೇಪ ಬರುತ್ತದೆ. ಇದರ ಮೇಲೆ ಗುರುತು ಹಾಕಲು ಪೆನ್ಸಿಲ್ ಬಳಸಬಾರದು ಎಂದರೆ ನಿಮಗೆ ನಗು ಬರಬಹುದು. ಪೆನ್ಸಿಲಿನ ಗ್ರಾಫೈಟ್ ತೇವ ಸೇರಿದಾಗ ಲೇಪವನ್ನು ತಿನ್ನಿಸುತ್ತದೆ, ಗೆರೆ ಎಳೆದಲ್ಲೇ ತುಕ್ಕಿನ ಗೆರೆ. ತಾಮ್ರದ ಕೊಳವೆಯ ನೀರು, ಹಸಿ ಸಿಮೆಂಟು ಕೂಡ ಇದಕ್ಕೆ ಆಗದು. ಕಲ್ಲಿನ ಬ್ಲೇಡಿನಿಂದ ಶೀಟು ಕೊಯ್ದರೆ ಕಿಡಿಯಾಗಿ ಹಾರುವ ಉಕ್ಕಿನ ಚೂರುಗಳು ಬಣ್ಣಕ್ಕೆ ಅಂಟಿ, ಮಾರನೆಯ ಇಬ್ಬನಿಗೇ ಕಂದು ಚುಕ್ಕೆಗಳಾಗುತ್ತವೆ. ಕತ್ತರಿ ಯಂತ್ರ ಬಳಸಲಿ, ಪ್ರತಿ ಸಂಜೆ ಮೃದುವಾದ ಪೊರಕೆಯಿಂದ ಗುಡಿಸಲಿ.

ಗೋಡೆಯ ಹೊದಿಕೆಗೂ ಇದೇ ನ್ಯಾಯ, ಸ್ಕ್ರೂ ಪಕ್ಕದ ಪಟ್ಟಿಯ ಕೆಳಗೆ ಅಡಗುತ್ತದೆ. ಅಡ್ಡಲಾಗಿ ಹಾಕುವುದಾದರೆ ಕೆಳಗಿನಿಂದ ಮೇಲಕ್ಕೆ ಬರಬೇಕು. ಉದ್ದಕ್ಕಾದರೆ ಮೊದಲ ಪಟ್ಟಿಗೆ ತೂಕದ ಗುಂಡು ಹಿಡಿಯಬೇಕು. ತಳದಲ್ಲಿ ನೆಲಕ್ಕೆ ತಾಗಿಸದೆ ಸಂದು ಬಿಟ್ಟರೆ ನಿಂತ ನೀರು ಅಂಚನ್ನು ಕೊರೆಯುವುದಿಲ್ಲ.

ಮೇಲೆ ಹತ್ತಿದವರ ಮೈಗೆ ಸುರಕ್ಷತಾ ಬೆಲ್ಟು, ಕೆಳಗೆ ಬಲೆ ಇಲ್ಲದೆ ಕೆಲಸ ಶುರು ಮಾಡಲು ಬಿಡಬೇಡಿ. ಬೆಳಕಿಗೆಂದು ನಡುವೆ ಹಾಕುವ ಪಾರದರ್ಶಕ ಶೀಟು, ಹಳೆಯ ಸಿಮೆಂಟ್ ಶೀಟು, ಇವೆರಡೂ ಮನುಷ್ಯನ ಭಾರ ತಡೆಯುವುದಿಲ್ಲ. ಬಿದ್ದು ಸತ್ತವರಲ್ಲಿ ಅನೇಕರು ಅಂಚಿನಿಂದ ಜಾರಿದವರಲ್ಲ, ಇವನ್ನು ಒಡೆದುಕೊಂಡು ಕೆಳಗೆ ಹೋದವರು. ದಿನಗೂಲಿಗೆ ಬಂದ ಹುಡುಗ ಬೆಲ್ಟು ತಾನಾಗಿ ಕೇಳುವುದಿಲ್ಲ, ನೀವು ಕೇಳಬೇಕು. ಇದರ ಖರ್ಚನ್ನು ಕೊಟೇಶನ್ನಿನಲ್ಲೇ ಬೇರೆ ಸಾಲಾಗಿ ಬರೆಸಿ, ಚೌಕಾಸಿಯಲ್ಲಿ ಅದನ್ನು ಮುಟ್ಟಬೇಡಿ.

ತಗಡಿನಡಿ 50 ಮಿಲಿಮೀಟರಿನ ಗ್ಲಾಸ್‌ವೂಲ್ ಹಾಸಿಸಿದರೆ ಮಳೆಯ ಸದ್ದು ತಗ್ಗುತ್ತದೆ, ನಮ್ಮ ಕಾರ್ಯಕ್ರಮವೂ ನಿಮಗೆ ಕೇಳಿಸುತ್ತದೆ. ಆದರೆ ಅದು ಪರ್ಲಿನ್ ಮೇಲೆ ಬರುವುದರಿಂದ ಕ್ಲಿಪ್ಪಿನ ಎತ್ತರವನ್ನು ಮೊದಲೇ ಹೊಂದಿಸಿ ತರಿಸಬೇಕು.

ಶೀಟು ಮುಚ್ಚುವ ಮುನ್ನ ಕ್ಲಿಪ್ಪಿನ ಪ್ರತಿ ಸಾಲಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಶೀಟಿನ ಮಾದರಿಯ ಹೆಸರು, ಕ್ಲಿಪ್ಪಿನ ಅಂತರ, ಎಂಜಿನಿಯರನ ಗಾಳಿಯ ಲೆಕ್ಕ, ಇವನ್ನೂ ಸೊಸೈಟಿಯ ಫೈಲಿಗೆ ಸೇರಿಸಿ. ಇಂಥ ಛಾವಣಿಗೆ ಮುಂದೆ ಸೋಲಾರ್ ಫಲಕ ಹಾಕಿಸುವಾಗ ಏಣನ್ನೇ ಕಚ್ಚಿ ಹಿಡಿಯುವ ಕ್ಲಾಂಪುಗಳಿವೆ, ಒಂದು ತೂತೂ ಬೇಕಾಗಿಲ್ಲ. ಆದರೆ ಯಾವ ಏಣಿಗೆ ಯಾವ ಕ್ಲಾಂಪು, ಕೆಳಗಿನ ಕ್ಲಿಪ್ಪು ಆ ಹೆಚ್ಚಿನ ಎಳೆತ ತಾಳೀತೇ ಎಂದು ಸೋಲಾರಿನವರು ಕೇಳಿಯೇ ಕೇಳುತ್ತಾರೆ. ಆಗ ತೋರಿಸಲು ನಿಮ್ಮ ಬಳಿ ಇರುವುದು ಆ ಫೈಲು ಮಾತ್ರ.