ಬೂಸಾನ್: ಆರು ಸ್ಟೇಷನ್, ಒಂದು ಯುದ್ಧದ ಕಥೆ

‘ಟ್ರೈನ್ ಟು ಬೂಸಾನ್’ ನೋಡಿದ್ದೀರಾ? 2016ರ ಜಾಂಬಿ ಸಿನಿಮಾ. ಸಿಯೋಲ್‌ನಿಂದ ಹೊರಟ ರೈಲಿನಲ್ಲಿ ಇರುವವರೆಲ್ಲ ಹೇಗಾದರೂ ಬೂಸಾನ್ ತಲುಪಿದರೆ ಬದುಕಿಕೊಳ್ತೀವಿ ಅಂತ ಒದ್ದಾಡ್ತಾರೆ. ಸಿನಿಮಾ ಕಥೆ ಕಲ್ಪನೆ. ಆದರೆ ಬೂಸಾನ್ ಸೇರಿದರೆ ಜೀವ ಉಳಿಯುತ್ತೆ ಅನ್ನೋ ಮಾತು ಅಲ್ಲಿನ ಅಜ್ಜ-ಅಜ್ಜಿಯರಿಗೆ ಕಲ್ಪನೆಯಲ್ಲ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಗಡಿ ದಾಟಿ ನುಗ್ಗಿತು. ಕೆಲವೇ ವಾರಗಳಲ್ಲಿ ದಕ್ಷಿಣದವರ ಕೈಯಲ್ಲಿ ಉಳಿದದ್ದು ಬೂಸಾನ್ ಮತ್ತು ಅದರ ಸುತ್ತಲಿನ ಆಗ್ನೇಯ ಮೂಲೆ ಮಾತ್ರ. 1953ರವರೆಗೆ ಹೆಚ್ಚು ಕಾಲ ಇದೇ ತಾತ್ಕಾಲಿಕ ರಾಜಧಾನಿ. ಲಕ್ಷಾಂತರ ಜನ ಉಟ್ಟ ಬಟ್ಟೆಯಲ್ಲಿ ಇಲ್ಲಿಗೆ ಬಂದರು. (ಕದನ ವಿರಾಮದ ಬಳಿಕ ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಹಾಗಾಗಿ ಈ ಯುದ್ಧ ನಮಗೂ ಪೂರ್ತಿ ದೂರದ್ದಲ್ಲ.)

ಇವತ್ತು ಬೂಸಾನ್ ಕೊರಿಯಾದ ಎರಡನೇ ಅತಿ ದೊಡ್ಡ ನಗರ. ಟೂರಿಸ್ಟ್‌ಗಳು ಸಾಮಾನ್ಯವಾಗಿ ಹೈಯುಂಡೆ ಬೀಚ್‌ನಲ್ಲಿ ಒಂದು ಸಂಜೆ, ಬಣ್ಣದ ಮನೆಗಳ ಮುಂದೆ ಒಂದು ಸೆಲ್ಫಿ ಅಂತ ಮುಗಿಸ್ತಾರೆ. ನಿಮಗೆ ಎರಡು ದಿನ ಇದ್ರೆ ಮೆಟ್ರೋದ ಒಂದನೇ ಲೈನ್ ಹಿಡೀರಿ. ಚೊರ್ಯಾಂಗ್‌ನಿಂದ ಟೊಸೊಂಗ್‌ವರೆಗೆ ಸಾಲಾಗಿ ಆರು ಸ್ಟೇಷನ್. ಒಂದೊಂದು ಏರಿಯಾನೂ ಆ ಮೂರು ವರ್ಷದ ಕಥೆಯ ಒಂದೊಂದು ತುಂಡು.

ಚೊರ್ಯಾಂಗ್: ನೀರು ಹೊತ್ತ ಮೆಟ್ಟಿಲು

ಬೂಸಾನ್ ಅಂದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ನಡುವಿನ ಸಪಾಟು ಜಾಗ ಮೊದಲೇ ತುಂಬಿತ್ತು. ಬಂದವರಿಗೆ ಉಳಿದ ದಾರಿ ಒಂದೇ, ಗುಡ್ಡ ಹತ್ತೋದು. ಸಿಕ್ಕ ಹಲಗೆ, ರಟ್ಟಿನಲ್ಲಿ ಗುಡಿಸಲು ಕಟ್ಟಿಕೊಂಡರು. ಚೊರ್ಯಾಂಗ್‌ನ 168 ಮೆಟ್ಟಿಲು ಆ ಕಾಲದ ಹೆದ್ದಾರಿ. ಗಂಡಸರು ಇದನ್ನು ಇಳಿದು ಬಂದರಿಗೆ ಕೂಲಿಗೆ ಹೋಗ್ತಿದ್ರು. ಕುಡಿಯೋ ನೀರಿನ ಬಾವಿ ಇದ್ದದ್ದು ಕೆಳಗೆ, ಕೊಡ ಹೊತ್ತು ಇದನ್ನೇ ಹತ್ತಬೇಕಿತ್ತು. ಬರಿಗೈಯಲ್ಲಿ ಒಮ್ಮೆ ಹತ್ತಿ ನೋಡಿ, ಅರ್ಧಕ್ಕೇ ಏದುಸಿರು ಬರುತ್ತೆ. ಈ ದಾರಿಗೆ ಈಗ ‘ಇಬಾಗು-ಗಿಲ್’ ಅಂತ ಹೆಸರು. ಅಲ್ಲಿನ ಆಡುನುಡಿಯಲ್ಲಿ ಇಬಾಗು ಅಂದರೆ ಕಥೆ, ಗಿಲ್ ಅಂದರೆ ಬೀದಿ.

ನಾಂಪೊ, ಜಗಲ್ಚಿ: ಹೊಟ್ಟೆಪಾಡಿನ ಬೀದಿಗಳು

ಬೆಟ್ಟದ ಮೇಲೆ ಮಲಗಿದವರು ದುಡಿದದ್ದು ಇಲ್ಲಿ. ಗುಕ್ಜೆ ಮಾರ್ಕೆಟ್ 1945ರಲ್ಲಿ ಜಪಾನಿಯರು ಬಿಟ್ಟು ಹೋದ ಸಾಮಾನುಗಳಿಂದ ಶುರುವಾಯ್ತು. ಯುದ್ಧ ಬಂದಾಗ ಅಮೆರಿಕನ್ ಸೇನೆಯ ಸರಕೂ ಬಂದು ಸೇರಿತು. ಪಕ್ಕದ ಬೊಸು-ದೊಂಗ್‌ನಲ್ಲಿ ಹಳೇ ಪುಸ್ತಕಗಳ ಗಲ್ಲಿ ಇದೆ. ಉತ್ತರದಿಂದ ಓಡಿ ಬಂದ ಒಂದು ದಂಪತಿ, ಸೇನಾ ಶಿಬಿರದಿಂದ ಹೊರಬಿದ್ದ ಹಳೇ ಮ್ಯಾಗಜೀನ್ ಹರವಿಕೊಂಡು ಕೂತದ್ದೇ ಅದರ ಆರಂಭ.

ಜಗಲ್ಚಿ ಮೀನು ಮಾರ್ಕೆಟ್ಟಿನಲ್ಲಿ ಇಂದಿಗೂ ಹೆಂಗಸರದ್ದೇ ದರ್ಬಾರು. ಕೆಳಗೆ ಮೀನು ಆರಿಸಿ, ಮೇಲಿನ ಮಹಡಿಯಲ್ಲಿ ಕೂತು ತಿನ್ನಬಹುದು. ಸಸ್ಯಾಹಾರಿಗಳೇ, ಮುಖ ಸಣ್ಣ ಮಾಡ್ಕೋಬೇಡಿ. ಹತ್ತಿರದಲ್ಲೇ ಬೀಜಗಳನ್ನು ತುಂಬಿಸಿಕೊಡುವ ಬಿಸಿಬಿಸಿ ಸಿಹಿ ಹೊತ್ತೊಕ್ ಸಿಗುತ್ತೆ. ಇನ್ನು ಇಲ್ಲಿನ ಫೇಮಸ್ ತಣ್ಣನೆ ನೂಡಲ್ಸ್ ಮಿಲ್‌ಮ್ಯೊನ್. ಉತ್ತರದವರು ತಮ್ಮೂರಲ್ಲಿ ಹುರುಳಿ ಗೋಧಿಯಿಂದ ಮಾಡ್ತಿದ್ದ ತಿಂಡಿ ಅದು. ಇಲ್ಲಿ ಆ ಹಿಟ್ಟು ಸಿಗಲಿಲ್ಲ, ನೆರವಿಗೆ ಬಂದ ಗೋಧಿ ಹಿಟ್ಟು ಸಿಕ್ಕಿತು. ಅದರಲ್ಲೇ ಮಾಡಿಕೊಂಡರು.

ನಾಂಪೊದಿಂದ ನಡೆದರೆ ಯೊಂಗ್ಡೊ ಸೇತುವೆ. 1934ರದ್ದು, ಹಡಗಿಗೆ ದಾರಿ ಬಿಡಲು ಮೇಲೆತ್ತಬಹುದಾದ ಸೇತುವೆ. ದೇಶಕ್ಕೆಲ್ಲ ಗೊತ್ತಿದ್ದ ಗುರುತು. ಹಾಗಾಗಿ ‘ಕೈ ತಪ್ಪಿದರೆ ಬೂಸಾನಿನ ಸೇತುವೆ ಹತ್ತಿರ ಸಿಗೋಣ’ ಅಂತ ಕುಟುಂಬಗಳು ಮಾತಾಡಿಕೊಂಡು ಹೊರಟಿದ್ದವು. ಎಷ್ಟೋ ಜನ ಇಲ್ಲಿ ದಿನಾ ಬಂದು ಕಾದರು. ಸೇತುವೆ ಕೆಳಗೆ ಶಾಸ್ತ್ರ ಹೇಳುವವರ ಅಂಗಡಿಗಳೇ ಎದ್ದವು. ಕೇಳುವ ಪ್ರಶ್ನೆ ಒಂದೇ, ನಮ್ಮವರು ಬದುಕಿದ್ದಾರಾ?

ಟೊಸೊಂಗ್: ಸಮಾಧಿ ಕಲ್ಲಿನ ಮೇಲೆ ಸಂಸಾರ

ಈ ಸ್ಟೇಷನ್‌ನಿಂದ ಗುಡ್ಡ ಹತ್ತಿದರೆ ಮೊದಲು ಅಮಿ-ದೊಂಗ್. ಇದು ಜಪಾನಿಯರ ಕಾಲದ ಸ್ಮಶಾನ. ಬೇರೆಲ್ಲೂ ಜಾಗ ಸಿಗದವರು ಇಲ್ಲೇ ಮನೆ ಕಟ್ಟಿದರು. ಸಮಾಧಿ ಕಲ್ಲುಗಳೇ ಅಡಿಪಾಯ, ಅವೇ ಮೆಟ್ಟಿಲು. ಕೆಲವು ಗೋಡೆಗಳ ಬುಡದಲ್ಲಿ ಅಕ್ಷರ ಕೆತ್ತಿದ ಕಲ್ಲು ಈಗಲೂ ಕಾಣುತ್ತೆ. ಫೋನ್ ತೆಗೆಯುವ ಮುಂಚೆ ಒಂದು ನಿಮಿಷ ಸುಮ್ಮನೆ ನಿಂತುಬಿಡ್ತೀವಿ.

ಗುಡ್ಡದ ಆಚೆಗೆ ಗಮ್‌ಚೊನ್. ಇನ್‌ಸ್ಟಾಗ್ರಾಂನಲ್ಲಿ ನೀವು ನೋಡಿರುವ ಬಣ್ಣದ ಮನೆಗಳ ಊರು ಇದೇ. ಬಣ್ಣ, ಕಲಾಕೃತಿ ಎಲ್ಲ 2009ರಿಂದ ಈಚೆಗಿನವು. ನನಗೆ ಇಷ್ಟವಾದದ್ದು ಅದಕ್ಕಿಂತ ಹಳೆಯ ಒಂದು ಸಂಗತಿ. ಐವತ್ತರ ದಶಕದಲ್ಲಿ ತೆಗುಕ್ದೊ ಪಂಥದವರು ಮತ್ತು ನಿರಾಶ್ರಿತರು ಇಲ್ಲಿ ಸಾಲುಸಾಲಾಗಿ ಮನೆ ಕಟ್ಟುವಾಗ, ಮುಂದಿನ ಮನೆ ಹಿಂದಿನ ಮನೆಯ ನೋಟಕ್ಕೆ ಅಡ್ಡ ಬರದ ಹಾಗೆ ಕಟ್ಟಿದರು. ಕೈಯಲ್ಲಿ ಕಾಸಿಲ್ಲದ ಕಾಲದಲ್ಲೂ ಹಿಂದಿನ ಮನೆಯವರ ಬೆಳಕಿನ ಲೆಕ್ಕ ಇಟ್ಟಿದ್ದರು.

ಹೋಲಿಸಿ ನೋಡಬೇಕಂದ್ರೆ ಸೊಮ್ಯೊನ್‌ನಲ್ಲಿ ಎರಡನೇ ಲೈನ್ ಹಿಡಿದು ಹೈಯುಂಡೆಗೆ ಹೋಗಿ. ದಾರಿಯಲ್ಲಿ ಸಿಗುವ ಸೆಂಟಮ್ ಸಿಟಿ ಒಂದು ಕಾಲದ ವಿಮಾನ ನಿಲ್ದಾಣ, ಈಗ ಮಾಲ್ ಮತ್ತು ಸಿನಿಮಾ ಹಬ್ಬದ ಜಾಗ. ಬೀಚ್ ಪಕ್ಕದಲ್ಲೇ 101 ಮಹಡಿಯ, 411 ಮೀಟರ್ ಎತ್ತರದ ಕಟ್ಟಡ. ಅಲ್ಲಿ ಸಮುದ್ರದ ನೋಟಕ್ಕೆ ರೇಟು ಇದೆ. ಅದರ ಹಿಂದಿರುವ ಮನೆಗೆ ಏನು ಕಾಣುತ್ತೆ ಅಂತ ಕೇಳೋರಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿಗೆ ಎದುರು ಗೋಡೆ ಎದ್ದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಹೊರಡುವವರಿಗೆ

ಭಾರತೀಯರಿಗೆ ವೀಸಾ ಬೇಕು. ಸಿಯೋಲ್‌ನಿಂದ ಕೆಟಿಎಕ್ಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಮೆಟ್ರೋ, ಬಸ್ಸು ಎರಡಕ್ಕೂ ಟಿ-ಮನಿ ಕಾರ್ಡ್ ನಡೆಯುತ್ತೆ. ಫೋನಿನಲ್ಲಿ ನೇವರ್ ಮ್ಯಾಪ್ ಇರಲಿ, ಕಾಲಲ್ಲಿ ಒಳ್ಳೇ ಶೂ ಇರಲಿ.

ಗಮ್‌ಚೊನ್, ಅಮಿ-ದೊಂಗ್ ಎರಡರಲ್ಲೂ ಜನ ವಾಸ ಇದ್ದಾರೆ, ಅವರಲ್ಲಿ ವಯಸ್ಸಾದವರೇ ಜಾಸ್ತಿ. ಬಾಗಿಲು, ಕಿಟಕಿಯೊಳಗೆ ಕ್ಯಾಮೆರಾ ತೂರಿಸಬೇಡಿ. ಗಲ್ಲಿಗಳಲ್ಲಿ ದನಿ ತಗ್ಗಿಸಿ. ಟೊಸೊಂಗ್‌ನಿಂದ ಮೇಲೆ ಹೋಗುವ ಪುಟ್ಟ ಬಸ್ಸಿನಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿ ಹತ್ತಿದರೆ ಎದ್ದು ಸೀಟು ಬಿಡಿ. ನಾವು ಊರು ನೋಡೋಕೆ ಹೊರಟವರು, ಅವರು ಮನೆಗೆ ಹೊರಟವರು.