ಕೋಷ್ಟಕ ಮೀರಿದ ಶಿಕ್ಷೆ

ಒಂದೇ ದೇಶ, ಒಂದೇ ಕಾನೂನು, ಒಂದೇ ಬಗೆಯ ಅಪರಾಧ. ಆದರೂ ನ್ಯಾಯಾಧೀಶರು ಬದಲಾದರೆ ಶಿಕ್ಷೆಯೂ ಬದಲು! ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿದ್ದ ಈ ತಾರತಮ್ಯ ನೀಗಿಸಲೆಂದೇ 1984ರಲ್ಲಿ ಕಾಯ್ದೆಯೊಂದು ಬಂತು. 1987ರ ನವೆಂಬರಿನಿಂದ ಶಿಕ್ಷೆಯ ಮಾರ್ಗಸೂಚಿಗಳು ಜಾರಿಯಾದವು. ಇವುಗಳ ತಿರುಳೇ ಒಂದು ಕೋಷ್ಟಕ. ವಿದ್ಯಾರ್ಥಿಗಳು ಲಾಗರಿದಮ್ ಪಟ್ಟಿ ನೋಡುವ ಹಾಗೆಯೇ ಇದನ್ನೂ ನೋಡುವುದು. ಅಪರಾಧದ ತೀವ್ರತೆಗೆ 43 ಅಡ್ಡಸಾಲು, ಅಪರಾಧಿಯ ಪೂರ್ವಚರಿತ್ರೆಗೆ 6 ಕಂಬಸಾಲು. ಎರಡೂ ಕೂಡುವ ಮನೆಯಲ್ಲಿ ಎಷ್ಟು ತಿಂಗಳಿನಿಂದ ಎಷ್ಟು ತಿಂಗಳವರೆಗೆ ಸೆರೆವಾಸ ಎಂಬುದು ಇರುತ್ತದೆ.

ಕೋಷ್ಟಕವೇನೋ ಅಚ್ಚುಕಟ್ಟು. ತೊಡಕಿದ್ದದ್ದು ಅದಕ್ಕೆ ಹಾಕುವ ಅಂಕಿಯಲ್ಲಿ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬುಕರ್ ಎಂಬಾತನ ಚೀಲದಲ್ಲಿ ಸಿಕ್ಕಿದ್ದು 92.5 ಗ್ರಾಂ ಕ್ರ್ಯಾಕ್ ಕೊಕೇನ್. ಜ್ಯೂರಿ ಆತನನ್ನು ತಪ್ಪಿತಸ್ಥನೆಂದಿತು. ಅಷ್ಟಕ್ಕೆ ಕೋಷ್ಟಕದ ಲೆಕ್ಕ 210ರಿಂದ 262 ತಿಂಗಳು. ಆದರೆ ಆತನ ಬಳಿ ಇನ್ನೂ 566 ಗ್ರಾಂ ಇತ್ತು, ನ್ಯಾಯಕ್ಕೂ ಆತ ಅಡ್ಡಿಪಡಿಸಿದ ಎಂದು ನ್ಯಾಯಾಧೀಶರೇ ತೀರ್ಮಾನಿಸಿದರು. ಶಿಕ್ಷೆ 360 ತಿಂಗಳಿಗೆ ಏರಿತು. ಜ್ಯೂರಿಗಾದರೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಇಲ್ಲಿ ನ್ಯಾಯಾಧೀಶರಿಗೆ 'ಇದ್ದಿರುವ ಸಂಭವವೇ ಹೆಚ್ಚು' ಎಂದು ತೋರಿದರೆ ಸಾಕಾಗಿತ್ತು. ಒಬ್ಬ ಮನುಷ್ಯನ ಎಂಟು ವರ್ಷಕ್ಕೂ ಮಿಕ್ಕ ಆಯುಷ್ಯ ಈ ವ್ಯತ್ಯಾಸದ ಮೇಲೆ ನಿಂತಿತ್ತು.

2005ರ ಜನವರಿ 12ರಂದು ಅಲ್ಲಿನ ಸುಪ್ರೀಂ ಕೋರ್ಟು 5-4ರ ಬಹುಮತದಿಂದ, ಇದು ಜ್ಯೂರಿ ವಿಚಾರಣೆಯ ಹಕ್ಕಿಗೆ ವಿರುದ್ಧ ಎಂದಿತು. ಪರಿಹಾರ ಮಾತ್ರ ತುಸು ವಿಚಿತ್ರವೇ. ಕೋಷ್ಟಕ ರದ್ದಾಗಲಿಲ್ಲ, ಕಡ್ಡಾಯವಾಗಿಯೂ ಉಳಿಯಲಿಲ್ಲ, ಬರೀ ಸಲಹೆಯಾಯಿತು. ಮೇಲ್ಮನವಿ ನ್ಯಾಯಾಲಯ ಶಿಕ್ಷೆ 'ಸಮಂಜಸವೇ' ಎಂದು ನೋಡಬೇಕು.

ಸಮಂಜಸವನ್ನು ಅಳೆಯುವುದು ಯಾವ ಮಾಪನದಿಂದ? ಅಯೋವಾದಲ್ಲಿ ಕಾಲೇಜು ಓದುವಾಗ ಮಾದಕ ಗುಳಿಗೆ ಮಾರುವ ಗುಂಪಿಗೆ ಸೇರಿ, ಆಮೇಲೆ ತಾನಾಗಿಯೇ ಬಿಟ್ಟುಬಂದ ಗಾಲ್ ಎಂಬ ಯುವಕನಿಗೆ ಕನಿಷ್ಠ 30 ತಿಂಗಳ ಸೆರೆಯ ಬದಲು ನ್ಯಾಯಾಧೀಶರು ಪ್ರೊಬೇಷನ್ ಕೊಟ್ಟಿದ್ದರು. ಮೇಲ್ಮನವಿ ನ್ಯಾಯಾಲಯ ಶೇಕಡಾ ಲೆಕ್ಕ ಹಾಕಿತು: ನೂರಕ್ಕೆ ನೂರರಷ್ಟು ವಿಚಲನೆ! 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 7-2ರಿಂದ ಇಂಥ ಗಣಿತಸೂತ್ರವನ್ನೇ ತಳ್ಳಿಹಾಕಿತು. ಲೆಕ್ಕವನ್ನೇ ನೆಚ್ಚಿದವರಿಗೆ ಇದು ಕಸಿವಿಸಿಯಾದೀತು. ಆದರೆ 30ಕ್ಕೆ ಬದಲು ಸೊನ್ನೆಯಾದರೂ ನೂರೇ, 300ಕ್ಕೆ ಬದಲು ಸೊನ್ನೆಯಾದರೂ ನೂರೇ ಅಲ್ಲವೆ?

ಹೆಚ್ಚಿನ ಶಿಕ್ಷೆಗೂ ಅನ್ವಯಿಸುವುದು ಇದೇ ಪರೀಕ್ಷೆ. ಕೋಷ್ಟಕವನ್ನು ಸರಿಯಾಗಿ ಓದಲಾಗಿದೆಯೆ, ಆಧರಿಸಿದ ಸಂಗತಿಗಳು ನಿಜವೆ, ಕಾರಣ ಹೇಳಲಾಗಿದೆಯೆ ಎಂದು ಮೊದಲು ನೋಡಬೇಕು. ಕೋಷ್ಟಕದಿಂದ ಹೆಚ್ಚು ದೂರ ಸರಿದಷ್ಟೂ ಕಾರಣವೂ ಗಟ್ಟಿಯಿರಬೇಕು. ಆದರೆ ಅಪರಾಧಿಯನ್ನು ಎದುರಿಗೆ ಕಂಡವರು ವಿಚಾರಣಾ ನ್ಯಾಯಾಧೀಶರು. ಹಾಗಾಗಿ, ತನಗೆ ಬೇರೊಂದು ಶಿಕ್ಷೆ ಸರಿಯೆನಿಸಿತೆಂಬ ಒಂದೇ ಕಾರಣಕ್ಕೆ ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸುವಂತಿಲ್ಲ.